ಎಂಜಿನ್ ಕೆಲಸಕ್ಕೆ ಬಂದಿದೆ

ಗ್ಯಾರೇಜಿನ ಕನ್ನಡ ಬೇರೆ, ಮನೆಯ ಕನ್ನಡ ಬೇರೆ. ಮನೆಯಲ್ಲಿ ಯಾವುದಾದರೂ ವಸ್ತು ‘ಕೆಲಸಕ್ಕೆ ಬಂತು’ ಅಂದರೆ ಉಪಯೋಗಕ್ಕೆ ಒದಗಿತು ಎಂದರ್ಥ. ಗ್ಯಾರೇಜಿನಲ್ಲಿ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ‘ಎಂಜಿನ್ ಕೆಲಸಕ್ಕೆ ಬಂದಿದೆ’ ಅಂದರೆ ಲಾರಿ ಮಾಲೀಕನ ಎದೆ ಧಸಕ್ಕೆನ್ನುತ್ತದೆ. ಬಿಚ್ಚಬೇಕು, ದುಡ್ಡು ಸುರಿಯಬೇಕು, ಗಾಡಿ ದಿನಗಟ್ಟಲೆ ನಿಲ್ಲಬೇಕು. ಹಾಗೆ ಕೆಲಸಕ್ಕೆ ಬಂದ ಎಂಜಿನ್ನಿಗೂ ಕೆಲಸಕ್ಕೆ ಬಾರದ ಎಂಜಿನ್ನಿಗೂ ನಡುವೆ ಎಷ್ಟು ದೂರ? ಅದನ್ನು ಬಿಚ್ಚಿ ಕಟ್ಟಬೇಕೋ, ಕಿತ್ತು ಬೇರೆ ಕೂರಿಸಬೇಕೋ? ಲಕ್ಷಗಳ ಈ ತೀರ್ಮಾನವನ್ನು ಬಹಳ ಮಂದಿ ಅರ್ಧ ಗಂಟೆಯಲ್ಲಿ, ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ಮುಗಿಸಿಬಿಡುತ್ತಾರೆ.

ಪುಣೆಗೆ ಹೊಂದಿಕೊಂಡ ನಿಗಡಿಯಲ್ಲಿ ಟ್ರಾನ್ಸ್‌ಪೋರ್ಟ್ ನಗರವಿದೆ. ಅಲ್ಲಿಗೆ ಬರುವಂಥ ಒಬ್ಬ ಮಾಲೀಕರನ್ನು ಕಲ್ಪಿಸಿಕೊಳ್ಳೋಣ. ಇಂಡಿ ತಾಲ್ಲೂಕಿನವರು. ಇರುವುದು ಒಂದೇ ಗಾಡಿ, ಆರು ಸಿಲಿಂಡರಿನದು, ವಯಸ್ಸು ಹನ್ನೆರಡು. ಚಾಕಣದಿಂದ ವಾಹನದ ಬಿಡಿ ಭಾಗ ತುಂಬಿಕೊಂಡು ಬೆಂಗಳೂರಿಗೆ ಹೋಗುವುದು, ಬರುವಾಗ ಸಿಕ್ಕ ಮಾಲು ಹಾಕಿಕೊಂಡು ಬರುವುದು. ಈಚೆಗೆ ಖಂಬಾಟ್ಕಿ ಘಾಟಿ ಹತ್ತುವಾಗ ಗಾಡಿ ಏದುಸಿರು ಬಿಡುತ್ತಿದೆ, ಹಿಂದೆ ನೀಲಿ ಹೊಗೆ ಎಳೆಯುತ್ತಿದೆ. ಮಿಸ್ತ್ರಿ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ.

‘ಮಾಲಕರ, ಎಂಜಿನ್ ಕೆಲಸಕ್ಕ ಬಂದದ.’

‘ಎಷ್ಟಾಗ್ತದ್ರೀ ಮಿಸ್ತ್ರೀ?’

‘ಬಿಚ್ಚದ ಹ್ಯಾಂಗ ಹೇಳ್ಲಿ? ಬಿಚ್ಚಿದ ಮ್ಯಾಲ ಅದ ಹೇಳ್ತದ.’

ಈ ಕೊನೆಯ ಮಾತನ್ನು ನುಣುಚಿಕೊಳ್ಳುವ ಉತ್ತರವೆಂದು ತಿಳಿಯುವವರುಂಟು. ನನಗೆ ಅದು ಪ್ರಾಮಾಣಿಕವಾದ ಉತ್ತರವಾಗಿ ಕಾಣುತ್ತದೆ. ಬಿಚ್ಚುವ ಮೊದಲೇ ಖಚಿತ ಮೊತ್ತ ಹೇಳುವವನ ಬಗ್ಗೆ ಎಚ್ಚರವಾಗಿರಬೇಕು.

ಆದರೆ ಬಿಚ್ಚುವುದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಎಂಜಿನ್ ನಿಜವಾಗಿಯೂ ಸವೆದಿದೆಯೇ? ಹೊಗೆಯ ಬಣ್ಣ ಸುಳಿವು ಕೊಡುತ್ತದೆ, ಅದೊಂದೇ ತೀರ್ಪಾಗಲಾರದು. ಕರಿ ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಕಟ್ಟಿಕೊಂಡ ಏರ್ ಫಿಲ್ಟರ್, ಸೋತ ಟರ್ಬೊ, ಸರಿಯಾಗಿ ಸಿಂಪಡಿಸದ ನಾಜಲ್, ಇವುಗಳಲ್ಲಿ ಯಾವುದೂ ಕಾರಣವಿರಬಹುದು. ಬಿಳಿ ಹೊಗೆಯೆಂದರೆ ಉರಿಯದೆ ಹೊರಬಿದ್ದ ಡೀಸೆಲ್, ಇಲ್ಲವೇ ಒಳಗೆ ಸೇರಿದ ರೇಡಿಯೇಟರ್ ನೀರು. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆ ಆಯಿಲ್ ಸವೆದ ರಿಂಗುಗಳ ಸಂದಿನಿಂದಲೇ ಬರಬೇಕೆಂದಿಲ್ಲ, ಟರ್ಬೊದ ಸೀಲ್ ಸೋರಿದರೂ, ವಾಲ್ವ್ ಗೈಡ್ ಸವೆದರೂ ಹೊಗೆ ನೀಲಿಯೇ.

ಮಿಸ್ತ್ರಿಗಳು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡುತ್ತಾರೆ. ಅಲ್ಲಿಂದ ಹಬೆ ಬುಸುಬುಸು ಎಂದು ಹೊಡೆದರೆ ‘ಬ್ಯಾಕ್ ಕಂಪ್ರೆಷನ್ ಇದೆ’ ಎನ್ನುತ್ತಾರೆ. ಸಿಲಿಂಡರಿನ ಒತ್ತಡ ರಿಂಗನ್ನು ದಾಟಿ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯುತ್ತಿದೆ ಎಂದರ್ಥ. ಒಳ್ಳೆಯ ಪರೀಕ್ಷೆಯೇ. ಆದರೆ ಲಾರಿಯಲ್ಲಿ ಇದಕ್ಕೊಂದು ಮೋಸವಿದೆ. ಬ್ರೇಕಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಅದರೊಳಗೂ ಪಿಸ್ಟನ್ ಮತ್ತು ರಿಂಗುಗಳಿವೆ. ಅದು ಸವೆದರೆ ಅದರ ಗಾಳಿಯೂ ಎಂಜಿನ್ನಿನ ಹೊಟ್ಟೆಗೆ ನುಗ್ಗುತ್ತದೆ, ಆಯಿಲ್ ಬ್ರೇಕಿನ ಗಾಳಿ ಟ್ಯಾಂಕಿಗೆ ಹೋಗುತ್ತದೆ. ಟ್ಯಾಂಕಿನ ತಳದ ನಲ್ಲಿ ತೆರೆದಾಗ ನೀರಿನ ಜೊತೆ ಆಯಿಲ್ ಚಿಮ್ಮಿದರೆ ಮೊದಲ ಗುಮಾನಿ ಕಂಪ್ರೆಸರಿನ ಮೇಲಿರಲಿ. ಆರು ಸಿಲಿಂಡರುಗಳ ಕಂಪ್ರೆಷನ್ ಒಂದೊಂದಾಗಿ ಅಳೆದು, ಬಿಸಿ ಎಂಜಿನ್ ನಿಧಾನಕ್ಕೆ ಓಡುವಾಗಿನ ಆಯಿಲ್ ಒತ್ತಡ ನೋಡಿ, ಪಂಪ್ ಮತ್ತು ನಾಜಲ್‌ಗಳನ್ನು ಪಂಪ್ ರೂಮಿನಲ್ಲಿ ತಪಾಸಣೆ ಮಾಡಿಸಿದ ಮೇಲೆ ಸ್ಪ್ಯಾನರ್ ಎತ್ತಿದರೆ ಸಾಕು. ಐದು ಸಿಲಿಂಡರ್ ಸರಿಯಿದ್ದು ಒಂದೇ ಸೊರಗಿದ್ದರೆ ಅದು ಮುಪ್ಪಲ್ಲ, ಪೆಟ್ಟು. ಆರೂ ಸಮನಾಗಿ ಇಳಿದಿದ್ದರೆ ಮುಪ್ಪು.

ಮುಪ್ಪೆಂದು ಖಾತ್ರಿಯಾಯಿತು, ಎಂಜಿನ್ ಬಿಚ್ಚಿದ್ದಾಯಿತು. ಈಗ ಮಾಲೀಕರು ಹತ್ತಿರ ನಿಂತು ನೋಡಬೇಕಾದ ಹೊತ್ತು.

ಹೆಡ್ ಎತ್ತಿದ ಸಿಲಿಂಡರಿನೊಳಗೆ ಬೆರಳು ಆಡಿಸಿದರೆ ಬಾಯಿಗಿಂತ ತುಸು ಕೆಳಗೆ ಉಗುರಿಗೆ ಒಂದು ಮೆಟ್ಟಿಲು ತಡೆಯುತ್ತದೆ. ಮೇಲಿನ ರಿಂಗ್ ಬಂದು ತಿರುಗುವ ಗೆರೆ ಅದು. ಪಿಸ್ಟನ್ ಮೇಲೆ ಮುಟ್ಟಿ ಮರಳುವ ಆ ಒಂದು ಚಣ ಅದರ ವೇಗ ಸೊನ್ನೆ. ಜಾರುವ ಚಲನೆಯಿಂದ ಉಳಿಯುವ ಆಯಿಲ್ ಪೊರೆ ಅಲ್ಲಿ ತೆಳುವಾಗುತ್ತದೆ, ಅದೇ ಹೊತ್ತಿಗೆ ಡೀಸೆಲ್ ಹೊತ್ತಿಕೊಂಡು ಒತ್ತಡವೂ ಬಿಸಿಯೂ ತುತ್ತತುದಿ ಮುಟ್ಟುತ್ತವೆ. ಹಾಗಾಗಿ ಸಿಲಿಂಡರ್ ಮೇಲುಗಡೆ ಹೆಚ್ಚು ಸವೆಯುತ್ತದೆ, ಕೆಳಗೆ ಕಡಿಮೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಮಗ್ಗುಲು ಹೆಚ್ಚು ಸವೆದು, ದುಂಡಗಿದ್ದದ್ದು ಮೊಟ್ಟೆಯಾಕಾರ ತಾಳುತ್ತದೆ. ಕಣ್ಣಿಗೆ ಇದೇನೂ ಕಾಣದು. ಬೋರ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ, ಎರಡು ದಿಕ್ಕಿನಲ್ಲಿ ಅಳೆದರೆ ಆರು ಸಿಲಿಂಡರಿಗೆ ಮೂವತ್ತಾರು ಅಂಕಿ ಸಿಗುತ್ತವೆ. ಆ ಮೂವತ್ತಾರು ಅಂಕಿಗಳ ಚೀಟಿಯೇ ಎಂಜಿನ್ನಿನ ಜಾತಕ. ಅದನ್ನು ಬರೆದುಕೊಡದ ಗ್ಯಾರೇಜಿಗೆ ‘ಫುಲ್ ಎಂಜಿನ್’ ಕೆಲಸ ಒಪ್ಪಿಸುವುದು ಬೇಡ.

ನಮ್ಮ ರಸ್ತೆಗಳ ಹಳೆಯ ಟಾಟಾ ಗಾಡಿಗಳ ‘697’ ಎಂಜಿನ್ನಿನ ಹೆಸರಿನಲ್ಲೇ ಈ ಅಳತೆ ಅಡಗಿದೆ: ಆರು ಸಿಲಿಂಡರ್, 97 ಮಿ.ಮೀ. ಬೋರ್. ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 1954ರಲ್ಲಿ ಟಾಟಾದವರ ಟೆಲ್ಕೊ ಮಾಡಿಕೊಂಡ ಒಪ್ಪಂದದ ಕಾಲದ ವಂಶದ್ದು ಅದು. ಸವೆದ ಲೈನರ್ ಕಿತ್ತು ಹೊಸದು ಕೂರಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿ ಮೊದಲಿನ ಅಳತೆಗೆ ತರುವ ಕೆಲಸ ನಮ್ಮ ಗ್ಯಾರೇಜುಗಳಿಗೆ ನೀರು ಕುಡಿದಷ್ಟು ಸಲೀಸು. 5.9 ಲೀಟರಿನ ಕಮಿನ್ಸ್ ಬಿ ಸರಣಿಯದು ಬೇರೆ ಬಗೆ. ಅದರ ಪಿಸ್ಟನ್ 102 ಮಿ.ಮೀ.ನ ಬೋರಿನಲ್ಲಿ, ಲೈನರ್ ಇಲ್ಲದೆ ನೇರವಾಗಿ ಬ್ಲಾಕಿನಲ್ಲೇ ಓಡುತ್ತದೆ. ಸವೆದಾಗ ಅರ್ಧ ಮಿಲಿಮೀಟರ್ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಇನ್ನೊಮ್ಮೆ ಸವೆದರೆ ಇನ್ನರ್ಧ. ಆಮೇಲೆ ಸ್ಲೀವ್ ಹೊಡೆಸುವ ದಾರಿ. ಅಂದರೆ ಆ ಬ್ಲಾಕಿಗೆ ಜನ್ಮಗಳು ಎಣಿಕೆಯವು. ಎಷ್ಟನೆಯದರಲ್ಲಿದೆ ಎಂಬುದು ಪಿಸ್ಟನ್ನಿನ ತಲೆಯ ಮೇಲಿನ ಅಚ್ಚಿನಲ್ಲಿ ಗೊತ್ತಾಗುತ್ತದೆ.

ಕ್ರ್ಯಾಂಕಿನದೂ ಇದೇ ಕತೆ, ಆದರೆ ಕೊರೆಯುವ ಬದಲು ತೆಳ್ಳಗಾಗಿಸುವುದು. 0.25, 0.50, 0.75, ಒಂದು ಮಿ.ಮೀ. ಎಂದು ಹಂತ ಹಂತವಾಗಿ ಗ್ರೈಂಡ್ ಮಾಡಿ ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಹಳೆಯ ಮಿಸ್ತ್ರಿಗಳು ಈಗಲೂ ‘ಹತ್ತು ಥೌ, ಇಪ್ಪತ್ತು ಥೌ’ ಎಂದೇ ಎಣಿಸುತ್ತಾರೆ. ಅನುಭವಿ ಕೈಯವನು ಕ್ರ್ಯಾಂಕನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾನೆ. ದೇವಸ್ಥಾನದ ಗಂಟೆಯಂತೆ ‘ಟಣ್’ ಎಂದು ನಾದ ಎಳೆದರೆ ಗಟ್ಟಿ. ಒಡೆದ ಮಡಕೆಯಂತೆ ‘ಟಪ್’ ಎಂದರೆ ಬಿರುಕು. ಕಾಂತೀಯ ಪರೀಕ್ಷೆ ಇರುವಲ್ಲಿ ಅದನ್ನೇ ಮಾಡಿಸಬೇಕು, ತಟ್ಟಿ ಕೇಳುವುದು ಮೊದಲ ಜರಡಿ ಮಾತ್ರ. ಗ್ರೈಂಡಿಂಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೇರಿಂಗ್ ಕೂರುವ ಜರ್ನಲ್ಲಿನ ಮೂಲೆಯಲ್ಲಿ ದುಂಡಗಿನ ತಿರುವೊಂದಿರುತ್ತದೆ. ಕಲ್ಲು ಹಿಡಿದವನು ಅವಸರದಲ್ಲಿ ಆ ತಿರುವನ್ನು ಚೂಪು ಮಾಡಿಬಿಟ್ಟರೆ, ಎಲ್ಲ ಅಳತೆ ಸರಿಯಿದ್ದೂ ಕ್ರ್ಯಾಂಕ್ ಒಂದು ದಿನ ಘಾಟಿಯಲ್ಲಿ ಅಲ್ಲಿಂದಲೇ ತುಂಡಾಗುತ್ತದೆ.

ಹೀಗೆ ಬ್ಲಾಕ್, ಕ್ರ್ಯಾಂಕ್, ಹೆಡ್ ಮೂರನ್ನೂ ಅಳೆದ ಮೇಲೆ ತೀರ್ಮಾನ ಅರ್ಧ ಆದಂತೆ. ಮೂರೂ ಉಳಿಯುವಂತಿದ್ದರೆ ಕಟ್ಟುವುದರಲ್ಲಿ ಅರ್ಥವಿದೆ. ಹೆಡ್ಡಿನಲ್ಲಿ ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಹೆಡ್ ಬದಲಿಸಿದರಾಯಿತು. ಬ್ಲಾಕ್ ಒಡೆದು, ಕ್ರ್ಯಾಂಕೂ ಕೊನೆಯ ಅಳತೆಗೆ ಬಂದಿದ್ದರೆ, ಮುಖ್ಯ ಭಾಗಗಳನ್ನೆಲ್ಲ ಹೊಸದಾಗಿ ಕೊಂಡು ಗ್ಯಾರೇಜಿನಲ್ಲಿ ಜೋಡಿಸುವುದೆಂದರೆ ದುಬಾರಿ ದಾರಿಯಲ್ಲಿ ಅಗ್ಗದ ಎಂಜಿನ್ ಮಾಡಿಕೊಂಡಂತೆ.

ಕಟ್ಟುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದೂ ಮುಖ್ಯ. ಈ ವಿಷಯದಲ್ಲಿ ಪುಣೆ ಪುಣ್ಯವಂತ ಊರು. ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಗಿದ್ದು 1946ರಲ್ಲಿ. 1962ರಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಬಂತು, ಇಂದಿನ ಕಮಿನ್ಸ್ ಇಂಡಿಯಾ ಅದೇ. 1966ರಲ್ಲಿ ಪಿಂಪ್ರಿಯತ್ತ ಟೆಲ್ಕೊ ಬಂತು, ವಾಹನಗಳ ಹೊಗೆಯಿಂದ ಹಿಡಿದು ಎಲ್ಲವನ್ನೂ ಪರೀಕ್ಷಿಸುವ ಎಆರ್‌ಎಐ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷ. ಈ ಕಾರ್ಖಾನೆಗಳ ನೆರಳಿನಲ್ಲಿ ಭೋಸರಿ, ಚಿಂಚವಡಗಳ ಶೆಡ್ಡುಗಳಲ್ಲಿ ಬೋರಿಂಗ್, ಹೋನಿಂಗ್, ಗ್ರೈಂಡಿಂಗ್ ಬಲ್ಲ ಕೈಗಳು ಬೆಳೆದವು. ಕಿರ್ಲೋಸ್ಕರ್ ಮನೆತನದ ಬೇರು ಕನ್ನಡ ನೆಲದಲ್ಲೂ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರುವಾಸಿಯಾಗಿತ್ತು. ಒಳ್ಳೆಯ ಲೇತ್, ಒಳ್ಳೆಯ ಗ್ರೈಂಡರ್, ಅಳೆಯಲು ಬಲ್ಲ ಮನುಷ್ಯ ಮೂರೂ ಒಂದೇ ಬೀದಿಯಲ್ಲಿ ಸಿಗುವ ಊರಿನಲ್ಲಿ ಎಂಜಿನ್ ಕಟ್ಟಿಸುವುದು ಒಂದು ಮಾತು. ಹೆದ್ದಾರಿಯ ಬದಿಯ ಸಣ್ಣ ಊರಿನಲ್ಲಿ, ಎಮರಿ ಕಾಗದ ತಿಕ್ಕಿ ‘ಆಯ್ತು’ ಎನ್ನುವವನ ಬಳಿ ಕಟ್ಟಿಸುವುದು ಇನ್ನೊಂದು ಮಾತು. ಖರ್ಚಿನ ಚೀಟಿಯಲ್ಲಿ ಎರಡಕ್ಕೂ ‘ಫುಲ್ ಎಂಜಿನ್’ ಎಂದೇ ಬರೆದಿರುತ್ತದೆ.

ಈಗ ದಾರಿಗಳನ್ನು ಎಣಿಸೋಣ. ಒಂದು, ರಿಂಗ್ ಬೇರಿಂಗ್ ಬದಲಿಸಿ ತಳ್ಳಿಕೊಂಡು ಹೋಗುವುದು. ಎರಡು, ಲೈನರ್-ಪಿಸ್ಟನ್ ಮತ್ತು ಹೆಡ್ ಮಾಡಿಸುವ ‘ಹಾಫ್ ಎಂಜಿನ್’. ಮೂರು, ಕ್ರ್ಯಾಂಕ್ ಸಮೇತ ‘ಫುಲ್ ಎಂಜಿನ್’. ನಾಲ್ಕು, ಹಳೆಯದನ್ನು ಕೊಟ್ಟು ಕಂಪನಿ ಪುನರ್ನವೀಕರಿಸಿದ ಎಂಜಿನ್ ತರುವುದು. ಟಾಟಾದವರು ‘ಪ್ರೊಲೈಫ್’ ಹೆಸರಿನಲ್ಲಿ, ಕಮಿನ್ಸ್‌ನವರು ‘ರೀಕಾನ್’ ಹೆಸರಿನಲ್ಲಿ ಕೊಡುವುದು ಇದನ್ನೇ. ಐದು, ಹೊಚ್ಚ ಹೊಸ ಎಂಜಿನ್. ಆರು, ಗುಜರಿ ಗಾಡಿಯಿಂದ ಇಳಿಸಿದ ಸೆಕೆಂಡ್ ಎಂಜಿನ್. ಏಳನೆಯದನ್ನು ಮಿಸ್ತ್ರಿ ಹೇಳುವುದಿಲ್ಲ: ಗಾಡಿಯನ್ನೇ ಮಾರುವುದು.

ಬೆಲೆ ಕೇಳಿ ಅಗ್ಗದ್ದು ಆರಿಸುವುದು ನಮ್ಮ ರೂಢಿ. ಕೇಳಬೇಕಾದ್ದು ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ಎಂದು. ಲೆಕ್ಕದ ಅನುಕೂಲಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ, ನಿಮ್ಮ ಗಾಡಿಗೆ ನಿಮ್ಮ ಅಂಕಿ ತುಂಬಿಕೊಳ್ಳಿ. ಫುಲ್ ಎಂಜಿನ್ ಕಟ್ಟಿಸಲು ಎರಡೂವರೆ ಲಕ್ಷ, ಅದು 3 ಲಕ್ಷ ಕಿ.ಮೀ. ಓಡುತ್ತದೆ ಅನ್ನಿ. ಕಂಪನಿಯ ಬದಲಿ ಎಂಜಿನ್ನಿಗೆ ನಾಲ್ಕೂವರೆ ಲಕ್ಷ, ಅದರ ಓಟ 5 ಲಕ್ಷ ಕಿ.ಮೀ. ಅನ್ನಿ. ಭಾಗಿಸಿದರೆ ಮೊದಲನೆಯದು ಕಿ.ಮೀ.ಗೆ 83 ಪೈಸೆ, ಎರಡನೆಯದು 90 ಪೈಸೆ. ಕಟ್ಟಿಸುವುದೇ ಲಾಭ ಅನ್ನಿಸುತ್ತದೆ.

ಇದಕ್ಕೆ ಗಾಡಿ ನಿಂತ ದಿನಗಳನ್ನು ಸೇರಿಸಿ. ಕಂತು, ಡ್ರೈವರ್ ಸಂಬಳ, ವಿಮೆ, ತೆರಿಗೆ ಎಲ್ಲ ಕೂಡಿ ನಿಂತ ಗಾಡಿ ದಿನಕ್ಕೆ 3 ಸಾವಿರ ನುಂಗುತ್ತದೆ ಅನ್ನೋಣ. ಕಟ್ಟಿಸಲು ಹದಿನೈದು ದಿನ ಹಿಡಿದರೆ 45 ಸಾವಿರ, ಬದಲಿ ಕೂರಿಸಲು ನಾಲ್ಕು ದಿನವಾದರೆ 12 ಸಾವಿರ. ಈಗ ಲೆಕ್ಕ ತಿರುಗಿಬಿತ್ತು: ಕಟ್ಟಿಸಿದ್ದು 98 ಪೈಸೆ, ಬದಲಿಸಿದ್ದು 92 ಪೈಸೆ. ಬದಲಿಸುವುದೇ ಲಾಭ.

ಇಲ್ಲಿಗೇ ನಿಲ್ಲಿಸಿದವರು ಮೋಸ ಹೋಗುತ್ತಾರೆ. ಎಂಜಿನ್ 5 ಲಕ್ಷ ಕಿ.ಮೀ. ಓಡೀತು, ಗಾಡಿ ಓಡುತ್ತದೆಯೇ? ನಮ್ಮ ಇಂಡಿಯ ಮಾಲೀಕರ ಗಾಡಿಗೆ ಹನ್ನೆರಡು ವರ್ಷ. ಚಾಸಿ, ಗೇರ್‌ಬಾಕ್ಸ್, ಹೌಸಿಂಗ್, ಕ್ಯಾಬಿನ್ ಎಲ್ಲ ನೋಡಿ ಇನ್ನು 2 ಲಕ್ಷ ಕಿ.ಮೀ. ಓಡಿಸಿ ಬಿಡುತ್ತೇನೆ ಎನ್ನುತ್ತಾರೆ ಅವರು. ಹಾಗಾದರೆ ಎರಡೂ ಖರ್ಚನ್ನು ಭಾಗಿಸಬೇಕಾದ್ದು 2 ಲಕ್ಷದಿಂದಲೇ. ಕಟ್ಟಿಸಿದ್ದು ಕಿ.ಮೀ.ಗೆ ಸುಮಾರು ಒಂದು ರೂಪಾಯಿ 48 ಪೈಸೆ, ಬದಲಿಸಿದ್ದು 2 ರೂಪಾಯಿ 31 ಪೈಸೆ. ಮತ್ತೆ ಲೆಕ್ಕ ಪಲ್ಟಿ. ಹಳೆಯ ಗಾಡಿಗೆ ದುಬಾರಿ ಎಂಜಿನ್ ಕೂರಿಸಿದರೆ ಮೂಗಿಗಿಂತ ಮೂಗುತಿ ಭಾರ. ಅದೇ ಗಾಡಿ ಐದು ವರ್ಷದ್ದಾಗಿದ್ದರೆ ಮೂಗುತಿ ಒಪ್ಪುತ್ತಿತ್ತು. ಇನ್ನು ಆರು ತಿಂಗಳಲ್ಲಿ ಗುಜರಿಗೆ ಹೋಗುವ ಗಾಡಿಗಾದರೆ ರಿಂಗ್ ಬದಲಿಸಿ ತಳ್ಳುವುದೇ ಜಾಣತನ. ಆದರೆ ಹಾಗೆ ತೇಪೆ ಹಾಕಿದ ಗಾಡಿಯನ್ನು ‘ಎಂಜಿನ್ ಹೊಸದು’ ಎಂದು ಇನ್ನೊಬ್ಬನಿಗೆ ಮಾರುವುದನ್ನು ಜಾಣತನ ಎನ್ನಲಾರೆ.

ಏನೂ ಮಾಡದೆ ಹಾಗೇ ಓಡಿಸುವುದೂ ಪುಕ್ಕಟೆಯಲ್ಲ. ವರ್ಷಕ್ಕೆ 80 ಸಾವಿರ ಕಿ.ಮೀ. ಓಡುವ ಗಾಡಿ ಲೀಟರಿಗೆ 4 ಕಿ.ಮೀ. ಕೊಡುತ್ತಿದ್ದದ್ದು 3.8ಕ್ಕೆ ಇಳಿಯಿತು ಅನ್ನಿ. ಕೇಳಲು ಚಿಲ್ಲರೆ. ಆದರೆ ವರ್ಷಕ್ಕೆ ಸಾವಿರ ಲೀಟರ್ ಮೀರಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 95 ಸಾವಿರ ರೂಪಾಯಿ ಹೊಗೆಯಾಗಿ ಹೋಯಿತು. ‘ಮುಂದಿನ ವರ್ಷ ನೋಡೋಣ’ ಎಂಬ ಮಾತಿನ ಬೆಲೆ ಅದು.

ಇನ್ನೊಂದು ಅಂಕಿಯೂ ಈಚೆಗೆ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 30 ಲಕ್ಷ ಬೆಲೆಯ ಗಾಡಿಗೆ ಇದರಿಂದ ಉಳಿಯುವುದು 3 ಲಕ್ಷ, ನಮ್ಮ ಲೆಕ್ಕದ ಒಂದು ಫುಲ್ ಎಂಜಿನ್ ಕೆಲಸಕ್ಕಿಂತ ಹೆಚ್ಚು. ಇತ್ತ ಹಳೆಯ ಗಾಡಿ ಇಟ್ಟುಕೊಳ್ಳುವ ಖರ್ಚು ಏರುತ್ತಿದೆ. ಎಂಟು ವರ್ಷ ದಾಟಿದ ವಾಣಿಜ್ಯ ವಾಹನ ಪ್ರತಿ ವರ್ಷ ಫಿಟ್ನೆಸ್ ಮಾಡಿಸಬೇಕು. ಹದಿನೈದು ದಾಟಿದವುಗಳ ಶುಲ್ಕವನ್ನು 2022ರಲ್ಲೇ ಹಲವು ಪಟ್ಟು ಏರಿಸಲಾಗಿದೆ. ಹಾಗಾಗಿ ಏಳನೆಯ ದಾರಿಯನ್ನು ಮಿಸ್ತ್ರಿ ಹೇಳದಿದ್ದರೂ ಮಾಲೀಕರು ತಾವೇ ನೆನಪಿಸಿಕೊಳ್ಳಬೇಕು.

ದೊಡ್ಡವರು ಈ ಸಂಕಟದಿಂದ ಪಾರಾಗುವ ಬಗೆಯನ್ನು ನೋಡಿ. ನಮ್ಮ ಕೆಎಸ್‌ಆರ್‌ಟಿಸಿಗೆ ಕೆಂಗೇರಿಯಲ್ಲಿ, ಹಾಸನದಲ್ಲಿ ಪ್ರಾದೇಶಿಕ ಕಾರ್ಯಾಗಾರಗಳಿವೆ. ಬಸ್ಸಿನ ಎಂಜಿನ್ ಸೋತರೆ, ಮೊದಲೇ ಸಿದ್ಧಪಡಿಸಿಟ್ಟ ಇನ್ನೊಂದನ್ನು ಕೂರಿಸಿ ಬಸ್ಸನ್ನು ರಸ್ತೆಗೆ ಕಳಿಸುತ್ತಾರೆ, ಸೋತದ್ದನ್ನು ನಿಧಾನವಾಗಿ ಕಟ್ಟುತ್ತಾರೆ. 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಇಂದು ಹುಬ್ಬಳ್ಳಿಯ ಬಳಿ ವರೂರಿನಲ್ಲಿ ಸ್ವಂತ ಕಾರ್ಯಾಗಾರ ಇಟ್ಟುಕೊಳ್ಳುವಷ್ಟು ದೊಡ್ಡದು. ನೂರಾರು ಗಾಡಿ ಇದ್ದವರಿಗೆ ಕಟ್ಟುವುದೋ ಬದಲಿಸುವುದೋ ಎಂಬ ಆಯ್ಕೆಯೇ ಇಲ್ಲ, ಅವರು ಎರಡನ್ನೂ ಮಾಡುತ್ತಾರೆ. ಒಂದೇ ಗಾಡಿಯವನ ಬಳಿ ಎರಡನೆಯ ಎಂಜಿನ್ ಇಲ್ಲ. ಕಂಪನಿಯ ಬದಲಿ ಎಂಜಿನ್ ಎಂದರೆ ದೊಡ್ಡವರ ಆ ಅನುಕೂಲವನ್ನು ಚಿಕ್ಕವನಿಗೆ ಬೆಲೆ ಕಟ್ಟಿ ಮಾರುವುದು, ಅಷ್ಟೇ. ವಾರಂಟಿಯ ಚೀಟಿ ಅದರ ಜೊತೆಗೆ ಬರುವ ಇನ್ನೊಂದು ಸಮಾಧಾನ.

ಕಾನೂನೂ ಈ ಅಂತರವನ್ನು ಬಲ್ಲದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕನಿಷ್ಠ ಹತ್ತು ಸಾರಿಗೆ ವಾಹನ ಉಳ್ಳವರಿಗೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ನನ್ನು ಮುಂಗಡ ಒಪ್ಪಿಗೆ ಇಲ್ಲದೆ ಬದಲಿಸಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು. ಉಳಿದವರು ಆರ್‌ಟಿಒ ಕಚೇರಿಗೆ ಹೋಗಲೇಬೇಕು. ಎಂಜಿನ್ ಕಟ್ಟಿಸಿದರೆ ಬ್ಲಾಕ್ ಅದೇ, ನಂಬರೂ ಅದೇ, ಆರ್‌ಸಿಗೆ ಕೈ ಹಚ್ಚುವ ಪ್ರಮೇಯವಿಲ್ಲ. ಬ್ಲಾಕ್ ಬದಲಾದರೆ ನಂಬರ್ ಬದಲಾಗುತ್ತದೆ, ಆರ್‌ಸಿಯಲ್ಲಿ ಅದು ಏರಬೇಕು. ಸೆಕೆಂಡ್ ಎಂಜಿನ್ನಿನ ಆಸೆಗೆ ಬಿದ್ದವರು ಎಡವುವುದು ಇಲ್ಲಿಯೇ. ಯಾವ ಗಾಡಿಯಿಂದ ಇಳಿಸಿದ್ದು, ಆ ಗಾಡಿ ಯಾರದು, ಬಿಲ್ ಎಲ್ಲಿ ಎಂದು ಕೇಳಿದರೆ ಮಾರುವವನು ಆಕಾಶ ನೋಡುತ್ತಾನೆ. ಮುಂದೆ ಫಿಟ್ನೆಸ್‌ನಲ್ಲೋ ಅಪಘಾತದ ವಿಮೆಯಲ್ಲೋ ನಂಬರ್ ತಾಳೆಯಾಗದಿದ್ದರೆ ಉಳಿಸಿದ ದುಡ್ಡು ನೆನಪಿಗೂ ಬಾರದು. ಕಾಗದವಿಲ್ಲದ ಎಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ಕಬ್ಬಿಣದ ಬೆಲೆಯದು.

ಇದುವರೆಗಿನ ಮಾತೆಲ್ಲ ಹಳೆಯ ತಲೆಮಾರಿನ ಗಾಡಿಗಳಿಗೆ ಹೆಚ್ಚು ಅನ್ವಯ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳದು ಬೇರೆಯೇ ಲೋಕ. ಅಲ್ಲಿ ಡೀಸೆಲ್ ಒತ್ತಡ ಬಹಳ ಹೆಚ್ಚು, ನಾಜಲ್‌ಗಳು ಕಂಪ್ಯೂಟರಿನ ಮಾತು ಕೇಳುತ್ತವೆ, ಸೈಲೆನ್ಸರಿನ ಜಾಗದಲ್ಲಿ ಮಸಿ ಹಿಡಿಯುವ ಜರಡಿ, ಯೂರಿಯಾ ದ್ರಾವಣ ಬೇಡುವ ಕ್ಯಾಟಲಿಸ್ಟ್ ಕೂತಿವೆ. ಹಳೆಯ ಎಂಜಿನ್ ಆಯಿಲ್ ಕುಡಿದರೆ ಹೊಗೆ ಬರುತ್ತಿತ್ತು, ಅಷ್ಟೇ. ಹೊಸದು ಕುಡಿದರೆ ಉರಿದ ಆಯಿಲ್‌ನ ಬೂದಿ ಆ ಜರಡಿಯನ್ನು ಕಟ್ಟಿಬಿಡುತ್ತದೆ. ಮಸಿಯನ್ನಾದರೆ ಸುಟ್ಟು ತೆಗೆಯಬಹುದು, ಬೂದಿ ಸುಡದು. ಹಾಗಾಗಿ ಬಿಎಸ್-6ರಲ್ಲಿ ‘ಇನ್ನೊಂದಷ್ಟು ದಿನ ಆಯಿಲ್ ಹಾಕಿಕೊಂಡು ಓಡಿಸೋಣ’ ಎಂಬುದು ಎಂಜಿನ್ನಿನ ಜೊತೆಗೆ ಇನ್ನೊಂದು ದುಬಾರಿ ಭಾಗವನ್ನೂ ಕೊಲ್ಲುವ ಉಪಾಯ. ಸ್ಕ್ಯಾನರ್, ಶುಚಿಯಾದ ಕೋಣೆ, ನುರಿತ ಕೈ ಮೂರೂ ಇರುವ ಗ್ಯಾರೇಜ್ ಸಿಗದಿದ್ದರೆ ಅಲ್ಲಿ ಬದಲಿ ಎಂಜಿನ್ನಿನತ್ತ ತಕ್ಕಡಿ ವಾಲುತ್ತದೆ.

ಕಟ್ಟಿಸಿದಿರೋ ಬದಲಿಸಿದಿರೋ, ಬಹಳ ಮಂದಿ ಕೇಳದೆ ಬಿಡುವ ಒಂದು ಪ್ರಶ್ನೆ ಉಳಿದಿದೆ: ಹಳೆಯದು ಸತ್ತದ್ದು ಯಾತರಿಂದ? 8 ಲಕ್ಷ ಕಿ.ಮೀ. ಓಡಿ ಸವೆದಿದ್ದರೆ ಅದು ಬಾಳಿ ಬದುಕಿ ಹೋದದ್ದು. 2 ಲಕ್ಷಕ್ಕೇ ಸವೆದಿದ್ದರೆ ಕೊಲೆಗಾರ ಗಾಡಿಯಲ್ಲೇ ಅಡಗಿ ಕೂತಿದ್ದಾನೆ. ಹೆಚ್ಚಿನ ಸಲ ಅವನು ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ರಬ್ಬರ್ ಹೋಸಿನಲ್ಲಿರುತ್ತಾನೆ. ಸಡಿಲವಾದ ಕ್ಲಿಪ್ಪು, ಕೂದಲೆಳೆಯ ಬಿರುಕು ಸಾಕು, ಕೆಲಸ ನಡೆಯುತ್ತಿರುವ ಹೆದ್ದಾರಿಯ ದೂಳು ಫಿಲ್ಟರನ್ನು ದಾಟಿ ಒಳಹೊಕ್ಕು ಎಮರಿ ಕಾಗದದಂತೆ ಸಿಲಿಂಡರ್ ಉಜ್ಜುತ್ತದೆ. ಹೋಸಿನ ಒಳಗೆ ಬೆರಳಾಡಿಸಿ, ಕೆಮ್ಮಣ್ಣು ಅಂಟಿದರೆ ಕೊಲೆಗಾರ ಸಿಕ್ಕ. ಕೆಲವೊಮ್ಮೆ ಅವನು ರೇಡಿಯೇಟರಿನಲ್ಲಿ, ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿದ ಕೈಯಲ್ಲಿ. ಕೆಲವೊಮ್ಮೆ ಡ್ರೈವರಿನ ಕಾಲಿನಲ್ಲಿ. ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯತ್ತ ಪುಣೆಗೆ ಇಳಿಯುವ ಆ ಉದ್ದ ಇಳಿಜಾರಿನಲ್ಲಿ ಕೆಲವರು ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುತ್ತಾರೆ. ಆ ಇಳಿಜಾರಿನ ಅಪಘಾತಗಳನ್ನು ಪುಣೆಯವರು ಓದಿ ಬಲ್ಲರು. ವೇಗ ಕೈಮೀರಿದ ಮೇಲೆ ಗಾಬರಿಯಲ್ಲಿ ಕೆಳಗಿನ ಗೇರಿಗೆ ತುರುಕಿದರೆ, ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ, ವಾಲ್ವುಗಳು ಪಿಸ್ಟನ್ನಿಗೆ ತಾಗುತ್ತವೆ. ಕಾರಣ ಹುಡುಕದೆ ಹೊಸ ಎಂಜಿನ್ ಕೂರಿಸುವುದೆಂದರೆ ಸೋರುವ ಮಾಳಿಗೆಯ ಕೆಳಗೆ ಹೊಸ ಹಾಸಿಗೆ ಹಾಸಿದ ಹಾಗೆ.

ಕಟ್ಟಿಯಾದ ಮೇಲಿನ ಮೊದಲ ಓಡಾಟಕ್ಕೂ ಒಂದು ಹದವಿದೆ. ಹೊಸ ರಿಂಗು ಹೊಸ ಲೈನರಿಗೆ ಕೂಡಿಕೊಳ್ಳಬೇಕು. ಅದಕ್ಕಾಗಿ ಲೈನರಿನ ಮೈಮೇಲೆ ಹೋನಿಂಗ್ ಮಾಡಿ ಒಂದರ ಮೇಲೊಂದು ಹಾಯುವ ಸಣ್ಣ ಗೀರು ಎಳೆದಿರುತ್ತಾರೆ. ‘ಹೊಸ ಎಂಜಿನ್, ಜೋಪಾನ’ ಎಂದು ಗಂಟೆಗಟ್ಟಲೆ ನಿಂತಲ್ಲೇ ಓಡಿಸಿದರೆ ಆ ಗೀರುಗಳ ಮೇಲೆ ನುಣುಪಾದ ಪೊರೆ ಕಟ್ಟಿ ರಿಂಗ್ ಕೂರುವುದೇ ಇಲ್ಲ. ಹಾಗೆಂದು ಮೊದಲ ದಿನವೇ ಪೂರ್ತಿ ಮಾಲು ಹೇರಿ ಖಂಬಾಟ್ಕಿ ಹತ್ತಿಸಿದರೆ ಉಜ್ಜಿಕೊಂಡು ಹೋಗುತ್ತದೆ. ಹಗುರವಾದ ಮಾಲು, ಬದಲಾಗುತ್ತಿರುವ ವೇಗ, ಬೇಗ ಒಂದು ಆಯಿಲ್ ಬದಲಾವಣೆ ಇಷ್ಟು ಸಾಕು. ನಿಗಡಿಯಿಂದ ಹೊರಟ ಗಾಡಿ ಮೊದಲು ಸೊಲ್ಲಾಪುರದ ಸಮತಟ್ಟಾದ ರಸ್ತೆ ಹಿಡಿಯುವಂತೆ ಬಾಡಿಗೆ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ಇಂಡಿಯವರಿಗಂತೂ ಅದೇ ಊರ ದಾರಿ.

ನಮ್ಮ ಮಾಲೀಕರು ಕೊನೆಗೇನು ಮಾಡಬೇಕು? ಬ್ಲಾಕ್ ಗಟ್ಟಿ, ಕ್ರ್ಯಾಂಕ್ ಮೊದಲ ಅಳತೆಯಲ್ಲೇ ಇದೆ, ಗಾಡಿಗೆ ಇನ್ನು 2 ಲಕ್ಷ ಕಿ.ಮೀ. ಆಯಸ್ಸು ಎಂದಾದರೆ, ಪುಣೆಯಂಥ ಊರಿನಲ್ಲಿ ಕಟ್ಟಿಸುವುದೇ ಸರಿ. ಇದರಲ್ಲಿ ಒಂದು ಮಾತು ಬದಲಾದರೂ ತೀರ್ಪು ಬದಲಾಗುತ್ತದೆ. ಸವೆದ ಎಂಜಿನ್ನಿನ ಮುಂದೆ ನಿಂತು ಎಂಜಿನ್ ಒಂದನ್ನೇ ನೋಡಿದರೆ ಉತ್ತರ ಸಿಗದು. ಒಮ್ಮೆ ಹಿಂದೆ ಸರಿದು ಇಡೀ ಗಾಡಿಯನ್ನು, ಅದು ಇನ್ನು ದುಡಿಯಬೇಕಾದ ವರ್ಷಗಳನ್ನು ನೋಡಬೇಕು.

‘ಎಷ್ಟಾಗ್ತದ್ರೀ ಮಿಸ್ತ್ರೀ?’ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದನ್ನು ಮಿಸ್ತ್ರಿಗೆ ಕೇಳುವಂತಿಲ್ಲ, ಮಾಲೀಕರು ತಮಗೆ ತಾವೇ ಕೇಳಿಕೊಳ್ಳಬೇಕು: ಈ ಗಾಡಿಯನ್ನು ಇನ್ನೆಷ್ಟು ವರ್ಷ ಓಡಿಸುತ್ತೇನೆ? ಚಹಾ ಆರಿದರೂ ಚಿಂತೆಯಿಲ್ಲ, ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಮಿಸ್ತ್ರಿಯನ್ನು ಕರೆಯಲಿ.